ಪಿಳ್ಳಪ್ಪನವರ ಐವತ್ತೆರಡು ಕಿಲೋ

ಪ್ಲಾಟ್‌ಫಾರಂನ ತೂಕದ ಮೆಷೀನಿನ ಮುಂದೆ ಪಿಳ್ಳಪ್ಪನವರು ಚಪ್ಪಲಿ ಬಿಡುತ್ತಿದ್ದರು. ಸ್ಕ್ರೂಡ್ರೈವರು, ಎಲೆಅಡಿಕೆ ಚೀಲ, ಬೀಗದಕೈ ಗೊಂಚಲು ಎಲ್ಲವನ್ನೂ ಬೆಂಚಿನ ಮೇಲಿಟ್ಟು, ಬಲಗಾಲು ಮುಂದಿಟ್ಟು ಮೆಷೀನು ಹತ್ತುತ್ತಿದ್ದರು. ಕೆಳಗೆ ಬಿದ್ದ ಚೀಟಿಯಲ್ಲಿ ಐವತ್ತೆರಡು ಕಿಲೋ ಎಂದಿದ್ದರೆ ಮೆಷೀನು ಸರಿ. ಬೇರೆ ಏನಿದ್ದರೂ ಮೆಷೀನು ತಪ್ಪು.

"ಕಬ್ಬಿಣದ ಕಲ್ಲು ಹೊತ್ಕೊಂಡು ಯಾರ್ ತಿರುಗ್ತಾರೆ ನರ್ಸಮ್ಮ? ನಾನೇ ಕಲ್ಲು. ಹತ್ತು ವರ್ಷದಿಂದ ಐವತ್ತೆರಡೇ. ಬೆಳಿಗ್ಗೆ ಎರಡು ಮುದ್ದೆ, ರಾತ್ರಿ ಎರಡು ಮುದ್ದೆ. ಮೂರನೇದು ಅಮ್ಮ ಬಡಿಸಿದ್ರೂ ತಿನ್ನಲ್ಲ," ಎನ್ನುತ್ತಿದ್ದರು.

ಅವರ ಊರು ಮುಳಬಾಗಿಲಿನ ಕಡೆಯ ಬೈರಕೂರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಕೆಲಸ ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗಿ ಕಾಸು ಹಾಕಿದರೆ ಚೀಟಿ ಕೊಡುವ ಮೆಷೀನುಗಳನ್ನು ನೋಡಿಕೊಳ್ಳುವುದು. ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಮಾಲೂರಿನ ಆರೋಗ್ಯ ಕೇಂದ್ರದಲ್ಲಿ ದಾದಿಯಾಗಿದ್ದೆ. ಆ ಮೆಷೀನೆಂದರೆ ಊರಿಗೇ ಸಡಗರ. ಕಾಸು ಬಿದ್ದ ಕೂಡಲೇ ಕೆಂಪು, ಹಸಿರು ದೀಪಗಳು ಹತ್ತುತ್ತಿದ್ದವು, ಗಾಜಿನ ಹಿಂದೆ ಬಣ್ಣದ ಚಕ್ರ ಗಿರಗಿರನೆ ತಿರುಗುತ್ತಿತ್ತು, ಟಪ್ಪೆಂದು ರಟ್ಟಿನ ಚೀಟಿ ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ರೇಷ್ಮೆಗೂಡಿನ ಮೂಟೆ ಹೊತ್ತೇ ಹತ್ತಿ, ಆಮೇಲೆ ಮೂಟೆ ಇಳಿಸಿ ಹತ್ತಿ, ಗೂಡಿನ ತೂಕ ಕಂಡುಕೊಳ್ಳುವ ಜಾಣರೂ ಇದ್ದರು.

ಆ ಜಾಣರನ್ನು ನೋಡಿಯೇ ನನಗೂ ದಾರಿ ಹೊಳೆದದ್ದು. ನಮ್ಮ ಕೇಂದ್ರದ ತಕ್ಕಡಿ ರಿಪೇರಿಗೆ ಹೋಗಿ ಐದು ತಿಂಗಳಾಗಿತ್ತು. ಬಸುರಿಯರ ತೂಕ ತಿಂಗಳಿಗೊಮ್ಮೆ ಬರೆಯಲೇಬೇಕು. ಸ್ಟೇಷನ್ ಮಾಸ್ಟರರ ಒಪ್ಪಿಗೆ ಪಡೆದು, ತಿಂಗಳ ಮೊದಲ ಶುಕ್ರವಾರ ಹತ್ತು ಗಂಟೆಯ ಗಾಡಿ ಹೋದ ಮೇಲೆ ಎಲ್ಲರನ್ನೂ ಪ್ಲಾಟ್‌ಫಾರಂಗೆ ಸಾಲಾಗಿ ಕರೆತಂದೆ. ಕೂಸಾದರೆ ತಾಯಿ ಎತ್ತಿಕೊಂಡು ಒಮ್ಮೆ, ತಾಯಿ ಒಬ್ಬಳೇ ಒಮ್ಮೆ. ಕಳೆದರೆ ಕೂಸಿನ ತೂಕ.

ಪಿಳ್ಳಪ್ಪನವರು ನೋಡಿ ಬೈಯುತ್ತಾರೆಂದುಕೊಂಡಿದ್ದೆ. ಅವರು ಮೆಷೀನಿನ ಬಾಗಿಲನ್ನೇ ತೆರೆದರು. "ಇಲ್ಲಿ ನೋಡಿ. ಕಾಸು ಈ ಕಾಲುವೇಲಿ ಉರುಳ್ತದೆ, ಈ ಸನ್ನೆ ಒತ್ತುತ್ತದೆ, ಬೀಗ ಬಿಡ್ತದೆ. ಕಾಸಿನ ಕೆಲಸ ಅಷ್ಟೇ. ಅದನ್ನ ನನ್ ಬೆರಳೂ ಮಾಡ್ತದೆ!" ಅಂದಿನಿಂದ ಪ್ರತಿ ಮೊದಲ ಶುಕ್ರವಾರ ಅವರ ಬೆರಳೇ ಕಾಸು. ಪ್ರತಿ ಚೀಟಿ ಬಿದ್ದಾಗಲೂ ತಾವೇ ಹುಟ್ಟಿಸಿದಂತೆ, "ಬಂತು! ಬಂತು!" ಎಂದು ಕೂಗುತ್ತಿದ್ದರು.

ಒಂದು ತಿಂಗಳು ಅವರು ಬರಲಿಲ್ಲ. ಜ್ವರ, ಊರಿನಲ್ಲಿ ಮಲಗಿದ್ದಾರೆ ಎಂದರು ಸ್ಟೇಷನ್ನಿನವರು; ಆ ಸಲ ಕಾಸು ಹಾಕಿಯೇ ತೂಗಿದೆ. ಮುಂದಿನ ತಿಂಗಳ ಮೊದಲ ಶುಕ್ರವಾರ ನಾನು ಹೋಗುವ ಹೊತ್ತಿಗೆ ಮೆಷೀನು ಬಿಚ್ಚಿ, ಜೋಡಿಸಿ, ಒರೆಸಿಟ್ಟು, ಕೆಮ್ಮುತ್ತಾ ಕಾದಿದ್ದರು.

ಅವತ್ತು ಹಬ್ಬ! ಮೊದಲು ಹತ್ತಿದವಳು ಐದು ಕಿಲೋ ಏರಿದ್ದಳು. ಎರಡನೆಯವಳೂ ಐದು. ಮೊದಲಿನಿಂದಲೂ ನನ್ನ ನಿದ್ದೆ ಕೆಡಿಸಿದ್ದ, ಏಳು ತಿಂಗಳಾದರೂ ಕಡ್ಡಿಯಂತಿದ್ದ ಮುನಿಯಮ್ಮನಿಗೂ ನಾಲ್ಕು!

"ಏನೇ ತಿಂದೆ ಮುನಿಯಮ್ಮ?"

"ಅದೇ ಮುದ್ದೆ, ಅದೇ ಉಪ್ಸಾರು, ನರ್ಸಮ್ಮ."

ಅವಳನ್ನು ಕೋಲಾರದ ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ಬರೆದಿದ್ದ ಚೀಟಿಯನ್ನು ನಾನು ಸಂತೋಷದಿಂದ ಹರಿದುಹಾಕಿದೆ.

ಆಮೇಲೆ ಕೂಸುಗಳ ಸರದಿ. ಮೊದಲ ಕೂಸು ಎಂದಿನಂತೆ ಅರ್ಧ ಕಿಲೋ ಏರಿತ್ತು. ಅದರ ತಾಯಿ ಮಾತ್ರ ನಾಲ್ಕು. ಎರಡನೆಯ ಕೂಸೂ ಅಷ್ಟೇ, ತಾಯಿಯೂ ಅಷ್ಟೇ. ನನಗೆ ಅನುಮಾನ ಬಂದು ನಾನೇ ಹತ್ತಿದೆ. ವರ್ಷಗಟ್ಟಲೆ ಐವತ್ತಿದ್ದವಳು ಐವತ್ತನಾಲ್ಕು.

"ಪಿಳ್ಳಪ್ಪನವರೇ, ಬೆಳಿಗ್ಗೆ ಏನು ಮಾಡಿದ್ರಿ?"

"ನಾನು ಹತ್ತಿದ್ರೆ ನಲವತ್ತೆಂಟು ತೋರ್ಸ್ತು. ನಾಲ್ಕು ಕಿಲೋ ತಕ್ಕುವ. ಸ್ಪ್ರಿಂಗ್ ತಿರುಗ್ಸಿ ಐವತ್ತೆರಡಕ್ಕೆ ತಂದೆ." ಅವರ ಕಡೆ ಕಡಿಮೆಗೆ ತಕ್ಕುವ ಎನ್ನುತ್ತಾರೆ.

"ತಕ್ಕುವ ಆಗಿರೋದು ಮೆಷೀನಲ್ಲ. ನೀವು."

ಅವರ ಮುಖ ಕೆಂಪಾಯಿತು. "ಮೆಷೀನು ಸುಳ್ಳು ಹೇಳ್ಬೋದು, ಪಿಳ್ಳಪ್ಪ ಹೇಳಲ್ಲ! ಜ್ವರ ಬಿಟ್ಟು ಎರಡು ವಾರ ಸರಿಯಾಗಿ ತಿಂದಿದೀನಿ."

ಅವರನ್ನು ಕರೆದೊಯ್ದು ಪಾರ್ಸಲ್ ಆಫೀಸಿನ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿದೆ. ಗುಮಾಸ್ತರು ಗುಂಡು ಸರಿಸಿ ಸರಿಸಿ, "ನಲವತ್ತೆಂಟು ರೀ, ಪಿಳ್ಳಪ್ಪ," ಎಂದರು.

ಪಿಳ್ಳಪ್ಪನವರು ಇಳಿದು ಮತ್ತೆ ಹತ್ತಿದರು; ಮತ್ತೆ ನಲವತ್ತೆಂಟು. ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ತಿಂಗಳು ಎಂದರು. ಇವತ್ತಿನ ಗಾಡಿಗೇ ಕೋಲಾರಕ್ಕೆ ಹೊರಡಿ, ಕಫ ಪರೀಕ್ಷೆ ಆಗಬೇಕು ಎಂದೆ.

"ಹೋಗ್ತೀನಿ. ಮೊದ್ಲು ಮೆಷೀನು," ಎಂದು ಓಡಿದರು. ಬಾಗಿಲು ತೆರೆದು, ಸ್ಪ್ರಿಂಗಿಗೆ ಕೈಹಾಕಿ, ತಲೆ ಎತ್ತದೆಯೇ ಹೇಳಿದರು: "ನೀವು ಹತ್ತಿ ನರ್ಸಮ್ಮ. ಇವತ್ತು ನೀವೇ ಕಲ್ಲು."

ಐವತ್ತು ಬಂತು. ಹೆಂಗಸರೆಲ್ಲ ಮತ್ತೆ ಸಾಲು ನಿಂತರು. ಮುನಿಯಮ್ಮ ಏರಿರಲೇ ಇಲ್ಲ. ಹರಿದ ಚೀಟಿಯನ್ನು ಹೊಸದಾಗಿ ಬರೆದೆ. ಮಧ್ಯಾಹ್ನದ ಗಾಡಿಯಲ್ಲಿ ಮುನಿಯಮ್ಮ, ಅವಳ ಅತ್ತೆ, ಪಿಳ್ಳಪ್ಪನವರು ಮೂವರೂ ಒಟ್ಟಿಗೇ ಕೋಲಾರಕ್ಕೆ ಹೊರಟರು.

ಮುನಿಯಮ್ಮನಿಗೆ ಎರಡು ತಿಂಗಳಿಗೆ ಹೆಣ್ಣು ಹುಟ್ಟಿತು, ತಾಯಿ ಮಗು ಕ್ಷೇಮ. ಪಿಳ್ಳಪ್ಪನವರಿಗೆ ಕ್ಷಯ ಎಂದಾಯಿತು, ವಾರ್ಡಿಗೆ ಸೇರಿಸಿಕೊಂಡರು.

ಅಷ್ಟರಲ್ಲಿ ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಹೋಗುವ ದಾರಿಯಲ್ಲಿ ಕೋಲಾರದಲ್ಲಿ ಇಳಿದು ಅವರನ್ನು ನೋಡಲು ಹೋದೆ. ವಾರ್ಡಿನ ಸಿಸ್ಟರ್ ಬಾಗಿಲಲ್ಲೇ ಹಿಡಿದರು. "ಇವ್ರು ನಿಮ್ಮೋರಾ? ನಮ್ಮ ತೂಕದ ಮೆಷೀನು ಬಿಚ್ಚಿ ಹರಡ್ಕೊಂಡು ಕೂತಿದಾರೆ, ನೋಡಿ!"

ವರಾಂಡದಲ್ಲಿ ಹಳೇ ಪೇಪರಿನ ಮೇಲೆ ಸ್ಪ್ರಿಂಗು, ಮೊಳೆ, ತಟ್ಟೆ. ಪಕ್ಕದಲ್ಲಿ ಎದುರಿನ ಅಂಗಡಿಯಿಂದ ಬೇಡಿ ತಂದ ಐದು ಕಿಲೋ ಕಲ್ಲುಗಳು.

"ಇದು ಒಂದೂವರೆ ಕಿಲೋ ಜಾಸ್ತಿ ತೋರಿಸ್ತಿತ್ತು ನರ್ಸಮ್ಮ. ನಾನು ಐವತ್ತರ ಮೇಲೆ ಬಂದೆ ಅಂತ ಕುಣೀತಿದ್ದೆ."

"ಹಾಗೇ ಬಿಟ್ಟಿದ್ರೆ ಏನಾಗ್ತಿತ್ತು? ನಿಮಗೂ ಖುಷಿ ಇರ್ತಿತ್ತು."

"ಮುನಿಯಮ್ಮಂಗೆ ಕೊಟ್ಟ ಖುಷಿ ಸಾಲ್ದಾ?"

ಜೋಡಿಸಿದರು. ಕಲ್ಲಿಟ್ಟು ನೋಡಿದರು, ತೆಗೆದರು, ಹತ್ತಿದರು. "ಓದಿ" ಎಂದು ಕಣ್ಣು ಮುಚ್ಚಿಕೊಂಡರು. ಓದಿದೆ: ನಲವತ್ತೊಂಬತ್ತು.

"ಚೂಡಂಡಿ, ನೋಡಿ! ಒಂದು ಕಿಲೋ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿ ನಗತೊಡಗಿದರು. ಅದೇ ನಮ್ಮ ಕೊನೆಯ ಭೇಟಿ. ನಾನು ಬಸ್ಸಿನ ಹೊತ್ತು ಮರೆತು ಅಲ್ಲೇ ನಿಂತು, ನಾಡಿ ಎಣಿಸುವಂತೆ ಗಡಿಯಾರ ನೋಡಿದೆ. ಅವರು ಪೂರ್ತಿ ಒಂದು ನಿಮಿಷ ನಕ್ಕರು; ನಡುವೆ ಒಮ್ಮೆಯೂ ಕೆಮ್ಮಲಿಲ್ಲ.