ರಾಯದುರ್ಗದಿಂದ ಮಡಕಶಿರಕ್ಕೆ ಅರ್ಧ ಗಂಟೆ

ಸಣ್ಣಬಸಪ್ಪನಿಗೆ ಪಂಚಾಂಗ ಬಾಯಿಪಾಠ. ಅವನ ಶಾಸ್ತ್ರ ಅತಿಯಾಯಿತು ಎಂದು ರಾಯದುರ್ಗದಲ್ಲಿ ಆಡಿಕೊಳ್ಳುವವರಿದ್ದರು. ಅವರೂ ಒಳ್ಳೆಯ ದಿನ ಕೇಳಲಿಕ್ಕೆ ಅವನ ಹತ್ತಿರವೇ ಬರುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲ. ದಾರಿಯಲ್ಲಿ ಕೆಟ್ಟುಹೋದ ವಿಮಾನ ಇಳಿಯಲಿ ಎಂದು ಮಿಲಿಟರಿಯವರು ರಾಯದುರ್ಗದ ಹೊರಗೊಂದು, ಮಡಕಶಿರದ ಹೊರಗೊಂದು ಬಯಲು ಸಮ ಮಾಡಿಸಿದ್ದರು. ರಾಯದುರ್ಗದ ಬಯಲಿಗೆ ಸಣ್ಣಬಸಪ್ಪ ಕಾವಲುಗಾರ. ವಿಮಾನ ತಿಂಗಳಿಗೊಂದು ಬಂದರೆ ಹೆಚ್ಚು; ಕುರಿ ಮಾತ್ರ ದಿನಕ್ಕೆ ನಾಲ್ಕು ಮಂದೆ ಬರುತ್ತಿದ್ದವು. ಅವನ್ನು ಅಟ್ಟುವುದೇ ಅವನ ಕೆಲಸ.

ಒಮ್ಮೆ ಮೇಲಿನಿಂದ ಕಾಗದ ಬಂತು: ಎರಡು ಬಯಲುಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ? ಸಣ್ಣಬಸಪ್ಪ ಗುಮಾಸ್ತ ಗೋಪಣ್ಣನಿಂದ ಉತ್ತರ ಬರೆಸಿದ: "ಗಾಡಿಯಲ್ಲಿ ನಾಲ್ಕು ದಿನ. ಮಡಕಶಿರದಿಂದ ಬರುವುದಾದರೆ ಮಂಗಳವಾರ, ಬುಧವಾರ ಬಡಗಲಿಗೆ ವಾರಶೂಲೆ, ಹೊರಟರೆ ಕೆಡುಕು. ಶುಕ್ರವಾರ ಯಾರೂ ಸೊಸೆಯನ್ನು ಕಳಿಸುವುದಿಲ್ಲ."

ಸೊಸೆಯ ಮಾತು ಬರಲು ಕಾರಣವಿತ್ತು. ಅವನ ಒಬ್ಬಳೇ ಮಗಳು ಜುಂಜಮ್ಮನನ್ನು ಮಡಕಶಿರಕ್ಕೆ ಕೊಟ್ಟಿದ್ದರು. ಈಗ ಚೊಚ್ಚಲ ಬಸುರಿ. ಹೆರಿಗೆ ತವರಲ್ಲೇ ಆಗಬೇಕು, ಅದೂ ತಾಯಿ ಮೈಲಾರಮ್ಮನ ಕೈಯಲ್ಲಿ. ಮೈಲಾರಮ್ಮ ಊರಿನ ಸೂಲಗಿತ್ತಿ. ಏಳನೇ ತಿಂಗಳಲ್ಲಿ ಸಣ್ಣಬಸಪ್ಪನಿಗೆ ಒಳ್ಳೆಯ ದಿನ ಸಿಗಲಿಲ್ಲ. ಎಂಟರಲ್ಲಿ ಕರೆತರುವ ವಾಡಿಕೆಯಿಲ್ಲ. ಈಗ ಒಂಬತ್ತು, ಗಾಡಿಯ ಕುಲುಕಾಟ ಆಗದು.

ಒಂದು ಸೋಮವಾರ ಬಿಳಿ ದೊರೆಯೊಬ್ಬ ಪುಟ್ಟ ವಿಮಾನ ಇಳಿಸಿದ. ಆ ಉತ್ತರ ಓದಿಕೊಂಡೇ ಬಂದಿದ್ದ. ಸೊಸೆಯ ಸಂಗತಿಯನ್ನು ಗೋಪಣ್ಣನಿಂದ ತಿಳಿದು ಅವನ ಮೂಲಕವೇ ಹೇಳಿದ: ನೇರಕ್ಕೆ ಐವತ್ತೆಂಟು ಮೈಲಿ, ಅರ್ಧ ಗಂಟೆ. ಹಿಂದಿನ ಸೀಟು ಖಾಲಿಯಿದೆ. ನಾಳೆ ಹೋಗಿ ನಿನ್ನ ಮಗಳನ್ನು ಕರೆತರುತ್ತೇನೆ.

"ನಾಳೆ ಮಂಗಳವಾರ ಐತ್ರಿ," ಅಂದ ಸಣ್ಣಬಸಪ್ಪ. "ಗುರುವಾರ ಬರ್ಲಿ ಅನ್ರಿ."

"ಅರ್ಧ ತಾಸಿಗೆ ಎಂಥಾ ಶೂಲೆನೋ ತಮ್ಮಾ!" ಅಂದ ಗೋಪಣ್ಣ.

"ಕೆಡುಕಾಗಾಕ ಅರ್ಧ ತಾಸು ಸಾಲಂಗಿಲ್ಲೇನ್ರಿ?"

ದೊರೆ ಗುರುವಾರ ಬೆಳಿಗ್ಗೆ ಇಲ್ಲಿಗೆ ಬಂದು ಇಲ್ಲಿಂದ ಮಡಕಶಿರಕ್ಕೆ ಹೋಗಲು ಒಪ್ಪಿ ಹಾರಿಹೋದ. ಸಂಗತಿ ಕೇಳಿದ ಮೈಲಾರಮ್ಮ ಗಂಡನ ತಟ್ಟೆಗೆ ಮುದ್ದೆ ಕುಕ್ಕಿ ಹೋದಳು.

ಗುರುವಾರ ಬೆಳಿಗ್ಗೆ ವಿಮಾನಕ್ಕಿಂತ ಮೊದಲು ಮಡಕಶಿರದಿಂದ ತಂತಿ ಬಂತು. ಗೋಪಣ್ಣ ಓದಿದ: ನೋವು ಶುರುವಾಗಿ ಒಂದು ದಿನ ಕಳೆದಿದೆ, ಮಗು ಅಡ್ಡ ನಿಂತಿದೆ, ಇಲ್ಲಿನ ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಅಡ್ಡ ನಿಂತ ಮಗುವನ್ನು ತಿರುಗಿಸುವ ಕೈ ಸುತ್ತ ಹತ್ತೂರಿಗೆ ಮೈಲಾರಮ್ಮನದೊಂದೇ. ಸಣ್ಣಬಸಪ್ಪನಿಗೆ ಮಗಳನ್ನು ತಾನೇ ಕೊಂದೆ ಅನ್ನಿಸಿತು.

ಹೇಳಿದ ಹೊತ್ತಿಗೆ ವಿಮಾನ ಇಳಿಯಿತು. ಮೈಲಾರಮ್ಮ ಹರಳೆಣ್ಣೆ ಗಿಂಡಿ ಹಿಡಿದು ಓಡಿಬಂದಳು. ಗುರುವಾರ ತೆಂಕಲಿಗೆ ಶೂಲೆ. ಮಡಕಶಿರ ಇರುವುದು ತೆಂಕಲಿಗೇ. ಗೋಪಣ್ಣ ಸಣ್ಣಬಸಪ್ಪನ ಮುಖ ನೋಡಿದ. ಸಣ್ಣಬಸಪ್ಪ ಹೆಂಡತಿಯನ್ನು ಮೂಟೆಯ ಹಾಗೆ ಎತ್ತಿ ಹಿಂದಿನ ಸೀಟಿಗೆ ಹಾಕಿ, "ಲಗೂ ಹೊಡೀರಿ ದೊರಿ!" ಎಂದು ಕುರಿ ಅಟ್ಟುವ ದನಿಯಲ್ಲಿ ಕೂಗಿದ.

ತಾನೂ ಆಗಲೇ ಗಾಡಿ ಹೂಡಿ ಹೊರಟ. ನಾಲ್ಕು ದಿನ, ಮಗಳು ಇದ್ದಾಳೋ ಇಲ್ಲವೋ ತಿಳಿಯದ ದಾರಿ. ಮಡಕಶಿರದ ಕಡೆಯಿಂದ ಬಂದವರನ್ನು ಕೇಳಲಿಕ್ಕೂ ಧೈರ್ಯವಾಗಲಿಲ್ಲ. ಭಾನುವಾರ ಸಂಜೆ ಬೀಗರ ಅಂಗಳಕ್ಕೆ ಬಂದಾಗ ಒಳಗೆ ಕೂಸು ಅಳುತ್ತಿತ್ತು, ರಮಿಸುವ ದನಿ ಜುಂಜಮ್ಮನದು. ಸಣ್ಣಬಸಪ್ಪ ನೊಗ ಹಿಡಿದುಕೊಂಡೇ ಗೋಳೋ ಎಂದು ಅತ್ತ.

ಮೈಲಾರಮ್ಮ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಹನ್ನೊಂದು ದಿನದ ಪುರುಡಿನ ಮೈಲಿಗೆ ಕಳೆಯುವವರೆಗೆ ಗಂಡಸರು ಮುಟ್ಟುವಂತಿಲ್ಲ. ಅವನು ಕೈ ಹಿಂದಕ್ಕೆಳೆದುಕೊಂಡ.

"ಹಿಡೀರಿ," ಅಂದಳು. "ದಿನ ಎಣಿಸಬ್ಯಾಡ್ರಿ."