ಶನಿವಾರದ ನೆಲ

ನೆಲದಿಂದ ಎದ್ದ ಸೆಗಣಿಯ ಹೆಕ್ಕಳಿಕೆ ಒಂದೂವರೆ ಇಂಚು ದಪ್ಪವಿತ್ತು. ಒಡೆದ ಅಂಚಿನಲ್ಲಿ ಪದರದ ಮೇಲೆ ಪದರ, ಹಳೆಯ ದಫ್ತರಿನ ಹಾಳೆಗಳ ಹಾಗೆ.

೧೯೫೭ರಲ್ಲಿ ನಾನು ಬಾಗಲಕೋಟೆಯಲ್ಲಿ, ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಕಚೇರಿಯೊಂದರಲ್ಲಿ ಸಹಾಯಕಿಯಾಗಿದ್ದೆ. ಬಾದಾಮಿ, ಹುನಗುಂದ, ಇಳಕಲ್ ಕಡೆ ಬಸ್ಸಿನಲ್ಲಿ ಸುತ್ತಿ, ಪ್ರವಾಸಿಗರ ಕೈಪಿಡಿಗೆಂದು ಗುಡಿ, ಮಸೀದಿ, ಚರ್ಚುಗಳನ್ನು ಅಳೆದು ಬರೆಯುವುದು ನನ್ನ ಕೆಲಸ. ನೂರು ವರ್ಷ ತುಂಬಿದ್ದಕ್ಕೆ ಲಿಖಿತ ಆಧಾರ ಸಿಕ್ಕರೆ ಕಟ್ಟಡ ಪಟ್ಟಿಗೆ ಸೇರುತ್ತಿತ್ತು. ಸೇರಿದ್ದನ್ನು ಯಾರೂ ಕೆಡವುವಂತಿರಲಿಲ್ಲ.

ಆ ಫೆಬ್ರವರಿಯಲ್ಲಿ ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯ ಒಂದು ಹಳ್ಳಿಗೆ ಹೋದೆ. ಅಲ್ಲಿ ವಿದೇಶಿ ಪಾದ್ರಿಗಳ ಕಾಲದ ಸಣ್ಣ ಕಲ್ಲಿನ ಚರ್ಚು ಇತ್ತು. ಕ್ರೈಸ್ತ ನೇಕಾರರು ಸೊಲ್ಲಾಪುರದ ಗಿರಣಿಗಳಿಗೆ ಹೋಗಿ, ಮೂರು ಮನೆಗಳಷ್ಟೇ ಉಳಿದಿದ್ದವು. ಜಾಗದ ಒಡೆಯರು ಚರ್ಚನ್ನು ಕೆಡವಿ ಹತ್ತಿಯ ಗೋದಾಮು ಕಟ್ಟುವವರಿದ್ದರು. ಕೀಲಿ ಮಾರ್ತವ್ವ ಎಂಬ ಮುದುಕಿಯ ಹತ್ತಿರವಿತ್ತು.

ನಾನು ಬಾಗಿಲಲ್ಲಿ ಚಪ್ಪಲಿ ಕಳಚಿದ್ದನ್ನು ನೋಡಿ ಅವಳು ನಕ್ಕಳು. “ನಮ್ಮ ಪಾದ್ರಿ ಬೂಟಗಾಲಲೇ ಬರ್ತಿದ್ದ. ನಿನ್ನ ಸಾಲಿ ಚಲೋ ಕಲಿಸೈತಿ ಬಿಡವ್ವ. ಇದನ್ನ ಉಳಸಾಕ ಬಂದೀಯಿಲ್ಲೋ?”

“ನೂರು ವರ್ಷ ತುಂಬೇದಂತ ಬರದದ್ದು ಸಿಕ್ಕರ ಉಳಸಬಹುದ್ರಿ. ಕಟ್ಟಿದ ವರ್ಷ ಎಲ್ಯಾರ ಬರದದ ಏನ್ರಿ?”

“ನಮ್ಮಜ್ಜ ಯೋಸೇಪ ಇದರ ಕಲ್ಲು ಹೊತ್ತಾನ. ನನಗ ಓದಾಕ ಬರಂಗಿಲ್ಲ. ಬರದಿದ್ರೂ ನನಗೇನ್ ತಿಳಿತೈತಿ?”

ನಲವತ್ತೆರಡು ಅಡಿ ಉದ್ದ, ಹದಿನೆಂಟು ಅಡಿ ಅಗಲ. ಬಾಗಿಲವಾಡ, ಗಂಟೆ, ಗೂಡುಗಳನ್ನು ನೋಡಿದೆ. ಗೋಡೆಯ ಸುಣ್ಣ ಕೆರೆದು ನೋಡಿದೆ. ದಾಖಲೆಯ ಪುಸ್ತಕವನ್ನು ಗೆದ್ದಲು ತಿಂದಿತ್ತು. ಸೆಗಣಿ ಸಾರಿಸಿದ ನೆಲ ಮಾತ್ರ ಕನ್ನಡಿಯಂತಿತ್ತು.

“ಎಷ್ಟು ಛಂದ ಸಾರಿಸೀರಿ,” ಎಂದೆ.

“ಮೊದಲ ನಮ್ಮವ್ವ ಸಾರಿಸ್ತಿದ್ಲು. ಆಕಿ ಹಿಂದ ನಾ, ನಲವತ್ತ ವರ್ಸಾತು. ಒಂದ ಶನಿವಾರ ತಪ್ಪಿಸಿಲ್ಲ. ಹೊಲಸ ನೆಲದಾಗ ದೇವರ ಮುಂದ ಮೊಣಕಾಲು ಊರೂದೇನು?”

ವರದಿಯಲ್ಲಿ ‘ಕಾಲ: ಆಧಾರವಿಲ್ಲ’ ಎಂದು ಬರೆದೆ. ಊಹೆಯನ್ನು ಬರೆಯಲಿಲ್ಲವೆಂಬ ಸಮಾಧಾನವೂ ನನಗಿತ್ತು.

ನವೆಂಬರಿನಲ್ಲಿ ಇಳಕಲ್ಲಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದರೆ ಚರ್ಚಿಗೆ ಚಾವಣಿ ಇರಲಿಲ್ಲ. ಇಳಿದೆ. ಆಳುಗಳು ಹಾರೆಯಿಂದ ಹಾಸುಗಲ್ಲು ಎಬ್ಬಿಸುತ್ತಿದ್ದರು. ಪಾದ್ರಿ ನಿಲ್ಲುತ್ತಿದ್ದ ಜಾಗದಲ್ಲಿ ಸೆಗಣಿಯ ಹೆಕ್ಕಳಿಕೆ ರೊಟ್ಟಿಯಂತೆ ಎದ್ದಿತ್ತು, ಕೆಳಗಿನ ಕಲ್ಲಿನಲ್ಲಿ ಕನ್ನಡ ಅಕ್ಷರಗಳಿದ್ದವು. ಅವುಗಳಲ್ಲಿ ಮೆತ್ತಿದ್ದ ಸೆಗಣಿಯನ್ನು ತಲೆಯ ಪಿನ್ನಿನಿಂದ ಬಿಡಿಸಿದೆ. ಕಟ್ಟಿದ ವರ್ಷ, ಅದರ ಕೆಳಗೆ ಕಲ್ಲು ಹೊತ್ತ ಐವರ ಹೆಸರು. ಲೆಕ್ಕ ಹಾಕಿದೆ. ನೂರಾ ನಾಲ್ಕು ವರ್ಷ.

ಬೇವಿನ ಬುಡದಲ್ಲಿ, ಚರ್ಚಿನಿಂದ ಇಳಿಸಿದ ಗಂಟೆಯನ್ನು ಕಾಯುತ್ತ ಕೂತಿದ್ದ ಮಾರ್ತವ್ವ ಎದ್ದು ಬಂದಳು.

“ಏನಂತ ಐತಿ?”

“ಕಲ್ಲು ಹೊತ್ತವರ ಹೆಸರು. ಯೋಸೇಪ ಅಂತನೂ ಅದ.”

“ಎಲ್ಲಿ?”

ಅವಳ ಬೆರಳು ಹಿಡಿದು ಮೂರನೆಯ ಸಾಲಿನ ಮೇಲೆ ಇಟ್ಟೆ. ಅವಳು ಬೆರಳನ್ನು ಅಲ್ಲಿಯೇ ಬಿಟ್ಟು, ಒಡೆದ ಸೆಗಣಿಯ ಹೆಂಟೆಯನ್ನು ನೋಡಿದಳು.

“ವರ್ಸಾನೂ ಬರದೈತೇನು?”

“ಅದ ರೀ.”

“ನೂರು ತುಂಬಿತ್ತೇನವ್ವಾ? ಖರೆ ಹೇಳು. ನಮ್ಮವ್ವ, ನಾ ಕೂಡೇ ಇದನ್ನ ಮುಚ್ಚಿಬಿಟ್ವೇನು?”

ಅರ್ಧ ಇಂಚನ್ನೂ ಬಿಡದೆ ಬರೆಯುತ್ತಿದ್ದ ನಾನು ಹೇಳಿದೆ: “ಇಲ್ಲರೀ. ಇನ್ನೂ ಎಂಟು ವರ್ಷ ಕಡಿಮಿ ಇತ್ತು. ಮೊದಲ ಸಿಕ್ಕಿದ್ರೂ ಉಳೀತಿದ್ದಿಲ್ಲ.”

“ಹಂಗಾರ ಬಿಡು,” ಎಂದಳು. ಕೂತು, ಸೆರಗಿನಿಂದ ಅಕ್ಷರಗಳನ್ನು ಒರೆಸತೊಡಗಿದಳು.

ಗೋಡೆ ಕೆರೆಯಲು ಹಿಂಜರಿಯದ ನಾನು, ಚೊಕ್ಕಟವಾಗಿದೆ ಎಂಬ ಒಂದೇ ಕಾರಣಕ್ಕೆ ನೆಲವನ್ನು ಮುಟ್ಟಿರಲಿಲ್ಲ. ಹುಡುಕದೆ ಬಿಟ್ಟ ಜಾಗವನ್ನೂ ವರದಿಯಲ್ಲಿ ಬರೆಯಬೇಕೆಂದು ಅಂದು ಕಲಿತೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಆ ಹಾಳೆಯನ್ನು ತೆಗೆದೆ. ‘ಆಧಾರವಿಲ್ಲ’ ಎಂಬುದನ್ನು ಹೊಡೆದು ಸರಿಯಾದ ವರ್ಷ ಬರೆದೆ. ಕೆಳಗೆ, ‘ನೆಲವನ್ನು ನಾನು ಪರೀಕ್ಷಿಸಿರಲಿಲ್ಲ’ ಎಂದು ಬರೆದು, ಪೂರ್ಣ ಹೆಸರಿನಲ್ಲಿ ಸಹಿ ಹಾಕಿದೆ.