ತಾರವ್ವನ ನಗುವ ಚಿತ್ರ

೨೦೦೪ರಲ್ಲಿ ಚಿಮ್ಮಡದ ಸಂಘಮಿತ್ರಾ ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಲೇ, ಹಾಸಿಗೆ ಹಿಡಿದಿದ್ದ ಅವ್ವ ತಾರವ್ವನ ಚಿತ್ರಗಳನ್ನು ಬರೆಯುತ್ತಿದ್ದಳು. “ಜಡ್ಡಿನ ಮಾರಿ ಸಾಕವ್ವಾ, ನಗೂ ಮಾರಿ ತಗಿ” ಎಂದು ಅವ್ವ ಒಮ್ಮೆ ಕಷ್ಟಪಟ್ಟು ನಕ್ಕಳು. ಸಂಘಮಿತ್ರಾ ಆ ನಗುಮುಖವನ್ನೂ ಬರೆದಳು. ಫಲಿತಾಂಶಕ್ಕೆ ವಾರವಿರುವಾಗ ತಾರವ್ವ ತೀರಿಕೊಂಡಳು.

ಧಾರವಾಡದ ಚಿತ್ರಕಲಾ ಕಾಲೇಜು ಸೇರಲು ತಾನು ಬರೆದ ಹತ್ತು ಚಿತ್ರ ಒಯ್ಯಬೇಕಿತ್ತು. ಅವನ್ನು ಸುತ್ತಿಡುವಾಗ ಅಪ್ಪ ತುಕಾರಾಮ ನಗುವ ಚಿತ್ರದ ಮೇಲೆ ಕೈಯಿಟ್ಟ.

“ಇದೊಂದು ಒಯ್ಯಬ್ಯಾಡವ್ವಾ. ಮನ್ಯಾಗ ಆಕಿದು ಒಂದ್ ಫೋಟೋನೂ ಇಲ್ಲ.”

ಅವಳು ಅದನ್ನು ಅಪ್ಪನಿಗೇ ಬಿಟ್ಟಳು. ಅದನ್ನು ನೋಡುತ್ತ ಕುಳಿತ ಅವನನ್ನು ಬರೆದು ಹತ್ತು ತುಂಬಿಸಿದಳು. ಸೀಟು ಸಿಕ್ಕಿತು. ಆದರೆ ಹಾಸ್ಟೆಲ್ಲಿನಲ್ಲಿ ಆ ನಗುವನ್ನು ನೆನಪಿನಿಂದ ಬರೆಯಲು ಎಷ್ಟು ಸಲ ಕೂತರೂ ಅವ್ವನ ಕಾಯಿಲೆಯ ಮುಖವೇ ಮೂಡುತ್ತಿತ್ತು. ಆ ವರ್ಷವಿಡೀ ಅವಳು ಯಾರ ಮುಖವನ್ನೂ ಬರೆಯದೆ ಬರೀ ಕೈಗಳನ್ನು ಬರೆದಳು.